ಕುದುರೆ ಮಾರೋಕೆ ಬಂದವನ ಊರಿಗೆ...

ರಷ್ಯಾಕ್ಕೆ ಹೋಗ್ತಿದ್ದೀನಿ ಅಂದಾಗ ಆಫೀಸಿನಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ, "ಈಗಲೇ? ಯುದ್ಧ ನಡೀತಾ ಇರೋವಾಗ?" ಅಂತ. ಊರಿಗೆ ಫೋನ್ ಮಾಡಿದಾಗ ಅವ್ವ ಕೇಳಿದ್ದು ಬೇರೆ, "ಅಲ್ಲಿ ಉಣ್ಣಲಕ ಏನ್ ಸಿಗ್ತದೋ?" ಅಪ್ಪ ಮಾತ್ರ ಏನೂ ಕೇಳಲಿಲ್ಲ. ಎರಡು ದಿನ ಸುಮ್ಮನಿದ್ದು ಮೂರನೇ ದಿನ ತಾವೇ ಫೋನ್ ಮಾಡಿ, "ತ್ವೇರ್ ಅಂತ ಒಂದು ಊರದ ನೋಡು. ಅಲ್ಲಿಗಿ ಹೋಗು. ನಿಕಿತಿನ್ ಮೂರ್ತಿ ಮುಂದ ನಿಂತು ಒಂದು ಫೋಟೋ ಹೊಡಿಸ್ಕೊ" ಅಂದರು. ಮತ್ತೆ ಫೋನ್ ಇಟ್ಟೇ ಬಿಟ್ಟರು.

ಅಪ್ಪ ನಮ್ಮ ಚಿಟಗುಪ್ಪದ ಸುತ್ತಮುತ್ತಲಿನ ಹೈಸ್ಕೂಲುಗಳಲ್ಲಿ ಸಮಾಜ ವಿಜ್ಞಾನ ಕಲಿಸಿ ರಿಟೈರ್ ಆದವರು. ಬಹಮನಿ ಪಾಠ ಬಂದಾಗೆಲ್ಲ ಪುಸ್ತಕ ಮಡಚಿಟ್ಟು ನಿಕಿತಿನ್ ಕಥೆ ಶುರು ಮಾಡೋರು. ವರ್ಷಕ್ಕೊಮ್ಮೆ ಮಕ್ಕಳನ್ನ ಬಸ್ಸಿನಲ್ಲಿ ಬೀದರಿಗೆ ಕರ್ಕೊಂಡು ಹೋಗಿ ಕೋಟೆಯ ಬಾಗಿಲಲ್ಲಿ ಸಾಲಾಗಿ ನಿಲ್ಲಿಸಿ, "ಐದು ನೂರು ವರ್ಷದ ಹಿಂದ ಒಬ್ಬ ರಷ್ಯಾದ ವ್ಯಾಪಾರಿ ಇಲ್ಲಿಗಿ ಬಂದಿದ್ದ. ಅವನಂಥ ಪರದೇಶದವರಿಗಿ ಒಳಗ ಬಿಡ್ತಿದ್ದಿಲ್ಲ. ನಿಮಗ ಬಿಡ್ಲಕತ್ತಾರ, ಗಲಾಟಿ ಮಾಡಬ್ಯಾಡ್ರಿ" ಅನ್ನೋರು. ಆ ಸಾಲಿನಲ್ಲಿ ನಾನು ಎರಡು ಸಲ ನಿಂತಿದ್ದೇನೆ. ಒಂದು ಸಲ ವಿದ್ಯಾರ್ಥಿಯಾಗಿ, ಇನ್ನೊಂದು ಸಲ ಮಾಸ್ತರರ ಮಗ ಅಂತ ಬಿಟ್ಟಿಯಾಗಿ :-)

ನಿಕಿತಿನ್ ಯಾರು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡ್ತೀನಿ, ಇಲ್ಲದಿದ್ರೆ ಮುಂದಿನದು ಅರ್ಥ ಆಗಲ್ಲ. ಅಫನಾಸಿ ನಿಕಿತಿನ್ ವೋಲ್ಗಾ ನದಿ ದಂಡೆಯ ತ್ವೇರ್ ಊರಿನ ವ್ಯಾಪಾರಿ. ಅವನು ಮನೆ ಬಿಟ್ಟಿದ್ದು 1466ರಲ್ಲಿ ಅಂತ ಹಳೆಯ ಪುಸ್ತಕಗಳು ಹೇಳ್ತವೆ, 1468 ಅಂತ ಆಮೇಲಿನ ವಿದ್ವಾಂಸರು ಹೇಳ್ತಾರೆ. ಹೊರಟಿದ್ದು ಭಾರತಕ್ಕಲ್ಲ. ವೋಲ್ಗಾ ಇಳಿದು ಕ್ಯಾಸ್ಪಿಯನ್ ಸಮುದ್ರದ ಆಚೆ, ಈಗಿನ ಅಜರ್‌ಬೈಜಾನ್ ಕಡೆಯ ಶಿರ್ವಾನ್ ಅನ್ನೋ ರಾಜ್ಯಕ್ಕೆ. ದಾರಿಯಲ್ಲಿ ಜೊತೆಯಾದ ಶಿರ್ವಾನದ ರಾಯಭಾರಿ ಮಾಸ್ಕೋದಿಂದ ತನ್ನ ದೊರೆಗೆ ತೊಂಬತ್ತು ಗಿಡುಗಗಳನ್ನ ಒಯ್ಯುತ್ತಿದ್ದನಂತೆ. ಅಸ್ತ್ರಖಾನ್ ಹತ್ತಿರ ತಾತಾರರು ಬಿದ್ದು ದೋಚಿದರು. ಸರಕು ಹೋಯ್ತು, ಜೊತೆಗಿದ್ದ ಪುಸ್ತಕಗಳೂ ಹೋದವು. ಊರಲ್ಲಿ ಆಸ್ತಿ ಇದ್ದವರು ವಾಪಸ್ ಹೋದರು. ಸಾಲ ಮಾಡಿ ಸರಕು ಎತ್ತಿದವರು ಯಾವ ಮುಖ ಹೊತ್ತು ಹೋಗ್ತಾರೆ? ಇವನು ಮುಂದೆ ಹೋದ. ಬಾಕು, ಪರ್ಷಿಯಾ, ಹೋರ್ಮುಜ್. ಹೋರ್ಮುಜ್ ಹಾದು ಬರುವಾಗ ಒಂದು ಕುದುರೆ ಹೊಂದಿಸಿಕೊಂಡು ಅದನ್ನೂ ಹಡಗು ಹತ್ತಿಸಿಕೊಂಡು ಮುಂಬೈ ಕೆಳಗಿನ ಚೌಲ್ ಬಂದರಿಗೆ ಬಂದಿಳಿದ. ನಮ್ಮ ಕಡೆ ಕುದುರೆಗೆ ಬಲು ಬೆಲೆ ಅಂತ ಯಾರೋ ಹೇಳಿದ್ದರು.

ಆ ಕುದುರೆಯ ಕಥೆಯೇ ದೊಡ್ಡದು. ಜುನ್ನರಿನ ಖಾನ ಅದನ್ನ ಕಿತ್ತುಕೊಂಡು, ಧರ್ಮ ಬದಲಾಯಿಸಿದರೆ ವಾಪಸ್ ಕೊಡ್ತೀನಿ, ಮೇಲೆ ಹಣವೂ ಕೊಡ್ತೀನಿ ಅಂದ. ಖೊರಾಸಾನದ ಒಬ್ಬ ಸಜ್ಜನ ಮಧ್ಯೆ ಬಿದ್ದು ಬಿಡಿಸಿಕೊಟ್ಟ. ಕುದುರೆಗೆ ನೂರು ರೂಬಲ್ ಖರ್ಚು ಬಿತ್ತು ಅಂತ ನಿಕಿತಿನ್ ಲೆಕ್ಕ ಬರೆದಿಟ್ಟಿದ್ದಾನೆ. ಮಳೆಗಾಲದ ನಾಲ್ಕು ತಿಂಗಳು ಕೆಸರಲ್ಲಿ ಕೂತು, ಆಮೇಲೆ ನಡೆದು, ಕೊನೆಗೆ ಅದನ್ನ ಮಾರಿದ್ದು ಬೀದರಿನಲ್ಲಿ. ಅರಮನೆಗೆ ಏಳು ಬಾಗಿಲು, ಒಂದೊಂದು ಬಾಗಿಲಿಗೂ ನೂರು ಜನ ಕಾವಲುಗಾರರು, ನೂರು ಜನ ಕರಣಿಕರು, ಯಾರು ಒಳಗೆ ಹೋದ್ರು ಯಾರು ಹೊರಗೆ ಬಂದ್ರು ಅಂತ ಬರೆದುಕೊಳ್ಳೋಕೆ! (ನಮ್ಮ ಆಫೀಸಿನ ಆಕ್ಸೆಸ್ ಕಾರ್ಡ್ ಲಾಗ್ ಇದರ ಮುಂದೆ ಏನೂ ಅಲ್ಲ.) ಸರದಾರರು ಬೆಳ್ಳಿ ಮಂಚದ ಮೇಲೆ ಮೆರೆಯೋದನ್ನೂ ಬರೆದ, ಹಳ್ಳಿಯ ಜನ ಎಷ್ಟು ಬಡವರು ಅನ್ನೋದನ್ನೂ ಬರೆದ. ಖೊರಾಸಾನದ ಯೂಸುಫ್ ಅಂತ ಹೆಸರಿಟ್ಟುಕೊಂಡು ತಿರುಗ್ತಿದ್ದವನು ಬೀದರಿನಲ್ಲಿ ನಮ್ಮ ಜನರ ಮುಂದೆ ನಾನು ಕ್ರಿಸ್ತನ ಕಡೆಯವನು, ನನ್ನ ಹೆಸರು ಅಫನಾಸಿ ಅಂತ ಹೇಳಿಕೊಂಡ. ಆಮೇಲೆ ಅವರು ಅವನ ಮುಂದೆ ಏನನ್ನೂ ಮುಚ್ಚಿಡಲಿಲ್ಲವಂತೆ, ಊಟ, ಪೂಜೆ, ವ್ಯಾಪಾರ ಎಲ್ಲ. ಅವರ ಜೊತೆ ನಡೆದು ಶ್ರೀಶೈಲಕ್ಕೂ ಹೋಗಿ ಬಂದ. ನಮ್ಮ ಕಡೆಯವರು ಈಗಲೂ ಮಲ್ಲಯ್ಯನಿಗೆ ನಡೆದೇ ಹೋಗ್ತಾರೆ ನೋಡಿ, ಅದೇ ಶ್ರೀಶೈಲ.

ಅವನಿಗಿದ್ದ ದೊಡ್ಡ ಸಂಕಟ ಹಣದ್ದಲ್ಲ. ಪುಸ್ತಕ ಹೋದ ಮೇಲೆ ಹಬ್ಬಗಳ ಲೆಕ್ಕ ತಪ್ಪಿಹೋಯ್ತು. ಈಸ್ಟರ್ ಯಾವತ್ತು ಅಂತ ಗೊತ್ತಿಲ್ಲ, ಉಪವಾಸ ಯಾವಾಗ ಶುರು ಅಂತ ಗೊತ್ತಿಲ್ಲ. ಆಕಾಶ ನೋಡಿ, ಊಹೆ ಮಾಡಿ, ಮುಸಲ್ಮಾನರು ಉಪವಾಸ ಮಾಡುವಾಗ ತಾನೂ ಮಾಡ್ತಿದ್ದ. ಅವನ ಪುಸ್ತಕದ ತುಂಬ ಇದೇ ಕೊರಗು. ಬೇಜಾರು ಹೆಚ್ಚಾದಾಗ ರಷ್ಯನ್ ಬಿಟ್ಟು ತುರ್ಕಿ, ಪಾರ್ಸಿ, ಅರಬ್ಬಿ ಎಲ್ಲ ಕಲಸಿ ಬರೀತಾನೆ. ಕನ್ನಡ, ಉರ್ದು, ಮರಾಠಿ, ತೆಲುಗು ಒಂದೇ ವಾಕ್ಯದಲ್ಲಿ ಬರೋ ಬೀದರ ಜಿಲ್ಲೆಯ ನಮಗೆ ಇದು ವಿಚಿತ್ರ ಅನ್ನಿಸಲ್ಲ. ಊರಿಗೆ ವಾಪಸ್ ಹೊರಟವನು ಸ್ಮೊಲೆನ್ಸ್ಕ್ ತಲುಪುವ ಮೊದಲೇ ದಾರಿಯಲ್ಲಿ ತೀರಿಕೊಂಡ. ಬರೆದದ್ದನ್ನ ವ್ಯಾಪಾರಿಗಳು 1475ರಲ್ಲಿ ಮಾಸ್ಕೋಗೆ ಮುಟ್ಟಿಸಿದರು. ಮೂರು ಸಮುದ್ರ ದಾಟಿದ ಆ ಪ್ರವಾಸದ ಮೇಲೆ 1957ರಲ್ಲಿ 'ಪರದೇಸಿ' ಅಂತ ಸಿನಿಮಾ ಕೂಡ ಬಂತು, ಕೆ.ಎ. ಅಬ್ಬಾಸ್ ಮತ್ತು ವಾಸಿಲಿ ಪ್ರೋನಿನ್ ಸೇರಿ ಮಾಡಿದ್ದು, ನರ್ಗಿಸ್ ಇದ್ದಾರೆ.

ಸರಿ, ನನ್ನ ವಿಷಯಕ್ಕೆ ಬರ್ತೀನಿ. 2023ರ ಆಗಸ್ಟಿನಿಂದ ಭಾರತದವರಿಗೆ ರಷ್ಯಾದ ಇ-ವೀಸಾ ಶುರುವಾಗಿತ್ತು. ಕೂತಲ್ಲೇ ಫಾರ್ಮ್ ತುಂಬಿದರೆ ನಾಲ್ಕು ದಿನದಲ್ಲಿ ಬಂತು. ನಾನು ಹೋದ 2024ರ ಜೂನ್‌ನಲ್ಲಿ ಅದಕ್ಕೆ ಹದಿನಾರು ದಿನದ ಮಿತಿ. ಕಷ್ಟ ಇದ್ದಿದ್ದು ಹಣದ್ದು. 2022ರ ಮಾರ್ಚ್‌ನಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ಕಂಪನಿಗಳು ರಷ್ಯಾ ಬಿಟ್ಟ ಮೇಲೆ ನಮ್ಮ ಕಾರ್ಡುಗಳು ಅಲ್ಲಿ ಬರೀ ಪ್ಲಾಸ್ಟಿಕ್. ಡಾಲರ್ ನೋಟುಗಳನ್ನ ಬನಿಯನ್ ಜೇಬಿನಲ್ಲಿಟ್ಟುಕೊಂಡು ಹೋದೆ, ನಮ್ಮಜ್ಜ ದನದ ಸಂತೆಗೆ ಹೋಗ್ತಿದ್ದ ಹಾಗೆ. ಹಡಗಿನ ಟಿಕೆಟ್ಟನ್ನ ಮಾಸ್ಕೋದಲ್ಲಿ ಕೆಲಸ ಮಾಡೋ ಕಾಲೇಜಿನ ಗೆಳೆಯ ತನ್ನ ಅಲ್ಲಿಯ ಕಾರ್ಡಿನಿಂದ ತೆಗೆಸಿಟ್ಟಿದ್ದ.

ಮೊದಲು ವಿದೇಶಿಯರಿಗೆ ಅಂತಲೇ ಮಾಸ್ಕೋದಿಂದ ಸೇಂಟ್ ಪೀಟರ್ಸ್‌ಬರ್ಗ್‌ವರೆಗೆ ಹತ್ತು ಹನ್ನೆರಡು ದಿನದ ದೊಡ್ಡ ಕ್ರೂಸುಗಳು ತುಂಬ ನಡೀತಿದ್ದವು. ಇಂಗ್ಲಿಷ್ ಗೈಡು, ಜರ್ಮನ್ ಗೈಡು, ರಾತ್ರಿ ಬಾಲಲೈಕಾ ಸಂಗೀತ. ಆ ದಾರಿ ತ್ವೇರ್ ಮುಟ್ಟಲ್ಲ, ಅದು ವೋಲ್ಗಾ ಸೇರಿದ ಮೇಲೆ ಕೆಳಗೆ ಹೋಗುತ್ತೆ, ತ್ವೇರ್ ಇರೋದು ಮೇಲೆ. ಅದಕ್ಕೇ ನಾನು ಹಿಡಿದದ್ದು ರಷ್ಯಾದವರೇ ಹೋಗೋ ನಾಲ್ಕು ದಿನದ ಚಿಕ್ಕ ಪ್ರವಾಸ. ಮಾಸ್ಕೋ, ತ್ವೇರ್, ಕಲ್ಯಾಜಿನ್ ಮುಂದಿನಿಂದ ಹಾದು ಉಗ್ಲಿಚ್, ಮತ್ತೆ ಮಾಸ್ಕೋ. ಹಡಗಿನಲ್ಲಿ ಭಾರತದವನು ನಾನೊಬ್ಬನೇ. ಊಟದ ಮೇಜಿನಲ್ಲಿ ನನ್ನ ಜೊತೆ ಹಾಕಿದ್ದು ಮೂರು ಜನ ಪಿಂಚಣಿದಾರರನ್ನ, ಒಂದು ಗಂಡ ಹೆಂಡತಿ ಜೋಡಿ, ಮತ್ತೊಬ್ಬ ಒಂಟಿ ಅಜ್ಜಿ. ಎಪ್ಪತ್ತೈದರ ಸುಮಾರು. ಮಾತುಕತೆಯೆಲ್ಲ ಫೋನಿನ ಅನುವಾದದ ಆಪ್‌ನಲ್ಲಿ. ಗಂಡ ಹೆಂಡತಿ ಮೊದಲ ಊಟದಲ್ಲೇ ಮಿಥುನ್ ಚಕ್ರವರ್ತಿ ಹೆಸರು ಹೇಳಿ ಮುಗಿಸಿದರು. ಅಜ್ಜಿ ಏನೂ ಹೇಳದೆ ನನ್ನ ತಟ್ಟೆಯನ್ನೇ ನೋಡ್ತಿದ್ದರು. ಮಾಂಸ ಬೇಡ ಅಂದವನಿಗೆ ಅಡುಗೆಮನೆಯವರು ಮೂರು ಹೊತ್ತೂ ಗ್ರೆಚ್ಕಾ ಅನ್ನೋ ಕಾಳಿನ ಅನ್ನ, ಬೀಟ್‌ರೂಟು, ಕಪ್ಪು ಬ್ರೆಡ್ಡು ಕೊಡ್ತಿದ್ದರು. ಅವ್ವ ಕಟ್ಟಿಕೊಟ್ಟಿದ್ದ ಖಡಕ್ ರೊಟ್ಟಿ ಹಡಗು ಹತ್ತೋ ಹೊತ್ತಿಗೆ ಪುಡಿಪುಡಿಯಾಗಿತ್ತು. ಶೇಂಗಾ ಹಿಂಡಿ ಮಾತ್ರ ಸರಿಯಾಗಿತ್ತು. ಎರಡನೇ ದಿನ ಅಜ್ಜಿ ಕಪ್ಪು ಬ್ರೆಡ್ಡಿಗೆ ಬೆಣ್ಣೆ ಸವರಿ ಅದರ ಮೇಲೆ ನನ್ನ ಹಿಂಡಿ ಉದುರಿಸಿಕೊಂಡು ತಿಂದರು. ಕಣ್ಣಲ್ಲಿ ನೀರು ಬಂತು, ಚಹಾ ಎರಡು ಲೋಟ ಕುಡಿದರು, ಮತ್ತೆ ಕೈ ಚಾಚಿದರು. ಅಲ್ಲಿಂದ ನಮ್ಮ ಸ್ನೇಹ.

ಮಾಸ್ಕೋದ ಉತ್ತರದ ನದಿ ನಿಲ್ದಾಣ ಅರಮನೆಯ ಹಾಗಿದೆ. 1937ರಲ್ಲಿ ಕಟ್ಟಿದ್ದು, 2020ರಲ್ಲಿ ದುರಸ್ತಿ ಮುಗಿಸಿ ಮತ್ತೆ ತೆಗೆದಿದ್ದಾರೆ. ಅದರ ತುದಿಯ ನಕ್ಷತ್ರ ಒಂದು ಕಾಲಕ್ಕೆ ಕ್ರೆಮ್ಲಿನ್ ಗೋಪುರದ ಮೇಲೆ ಇದ್ದದ್ದು. ಅಲ್ಲಿಂದ ವೋಲ್ಗಾ ಮುಟ್ಟೋಕೆ ಕಾಲುವೆಯಲ್ಲಿ ಹೋಗಬೇಕು. ಇಡೀ ಮಾಸ್ಕೋ ಕಾಲುವೆ 128 ಕಿಲೋಮೀಟರ್. 1932ರಿಂದ 1937ರವರೆಗೆ ಕೈದಿಗಳ ಕೈಯಲ್ಲಿ ತೋಡಿಸಿದ್ದು, ಸಾವಿರಾರು ಜನ ಅಲ್ಲೇ ಸತ್ತರು. ಹಡಗಿನ ಮೈಕಿನಲ್ಲಿ ಗೈಡು ಇದನ್ನ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದಳು ಅಂತ ಆಪ್ ತೋರಿಸ್ತು.

ಇಂಜಿನಿಯರ್ ಬುದ್ಧಿ, ನನಗೆ ಹುಚ್ಚು ಹಿಡಿಸಿದ್ದು ಲಾಕ್‌ಗಳು. ಮಾಸ್ಕೋ ಎತ್ತರದಲ್ಲಿದೆ, ವೋಲ್ಗಾ ತಗ್ಗಿನಲ್ಲಿ. ಹಡಗು ಮೆಟ್ಟಿಲಿಳಿದ ಹಾಗೆ ಇಳೀಬೇಕು. ಕಾಂಕ್ರೀಟಿನ ದೊಡ್ಡ ತೊಟ್ಟಿಯೊಳಗೆ ಹಡಗು ಹೋಗಿ ನಿಲ್ಲುತ್ತೆ, ಹಿಂದಿನ ಗೇಟು ಮುಚ್ಚುತ್ತೆ, ತೊಟ್ಟಿಯ ನೀರು ಕೆಳಗಿನ ಕಡೆಗೆ ಬಿಡ್ತಾರೆ, ಹಡಗು ನೀರಿನ ಜೊತೆ ಇಳಿಯುತ್ತೆ. ಪಂಪೂ ಇಲ್ಲ ಏನೂ ಇಲ್ಲ, ಬರೀ ನೀರಿನ ಭಾರ. ಸದ್ದಿಲ್ಲದೆ ಪಕ್ಕದ ಗೋಡೆ ಮೇಲೆ ಮೇಲೆ ಏರ್ತಾ ಹೋಗುತ್ತೆ, ಗೋಡೆಗಂಟಿದ ಪಾಚಿ ಕೈಗೆ ಸಿಗೋಷ್ಟು ಹತ್ತಿರ. ನಾನು ಕ್ಯಾಬಿನ್ನಿಗೇ ಹೋಗದೆ ರಾತ್ರಿಯೆಲ್ಲ ಡೆಕ್ ಮೇಲೆ ನಿಂತಿದ್ದೆ. ಯಾಖ್ರೋಮಾ ಹತ್ತಿರದ ಮೂರನೇ ನಂಬರ್ ಲಾಕ್‌ನ ಗೋಪುರಗಳ ತುದಿಯಲ್ಲಿ ತಾಮ್ರದ ಹಾಯಿಹಡಗುಗಳಿವೆ, ಕೊಲಂಬಸನ ಸಾಂತಾ ಮಾರಿಯಾದ ಪ್ರತಿರೂಪ. ನನಗೆ ನಗು ಬಂತು. ಭಾರತ ಹುಡುಕ್ತೀನಿ ಅಂತ ಹೊರಟು ಬೇರೆಲ್ಲೋ ಹೋದವನ ಹಡಗು ಇಲ್ಲಿ ಗೋಪುರದ ಮೇಲೆ. ಅದಕ್ಕೂ ಇಪ್ಪತ್ತು ವರ್ಷ ಮೊದಲು ಬೇರೆಲ್ಲೋ ಹೊರಟು ಭಾರತ ಮುಟ್ಟಿದವನು ಇದೇ ನೀರಿನವನು.

ಬೆಳಗಾದಾಗ ವೋಲ್ಗಾ. ದುಬ್ನಾ ಹತ್ತಿರ ಕಾಲುವೆಯ ಬಾಯಲ್ಲಿ ದೈತ್ಯಾಕಾರದ ಲೆನಿನ್ ನಿಂತಿದ್ದಾನೆ. ಎದುರು ದಂಡೆಯಲ್ಲಿ ಅಷ್ಟೇ ದೊಡ್ಡ ಸ್ಟಾಲಿನ್ ಇದ್ದನಂತೆ, 1960ರ ದಶಕದ ಮೊದಲಲ್ಲಿ ಸ್ಫೋಟಿಸಿ ತೆಗೆದರು, ಈಗ ಬರೀ ಪೀಠ. ನೀರು ಬೇಕಾದಷ್ಟು. ನಮ್ಮ ಚಿಟಗುಪ್ಪಕ್ಕೆ ನದಿ ಇಲ್ಲ. ಕೆಂಪು ಕಲ್ಲು, ಬಾವಿ, ಬೋರು, ಟ್ಯಾಂಕರು. ನೀರಿಗಾಗಿ ನೆಲದೊಳಗೆ ಸುರಂಗ ಕೊರೆದ ಜಿಲ್ಲೆ ನಮ್ಮದು, ಬೀದರಿನಲ್ಲಿ ಆ ಸುರಂಗ ಬಾವಿ ಈಗಲೂ ಇದೆ. ಅಂಥಲ್ಲಿಂದ ಬಂದವನಿಗೆ ಎರಡೂ ಕಡೆ ಬರ್ಚ್ ಮರ, ಮಧ್ಯೆ ಮುಗಿಯದ ನೀರು ನೋಡಿ ಮೊದಲ ನಾಲ್ಕು ತಾಸು ಸ್ವರ್ಗ. ಐದನೇ ತಾಸಿಗೆ ನಿಜ ಹೇಳಬೇಕಂದ್ರೆ ಸ್ವಲ್ಪ ಬೇಜಾರು. ಕ್ರೂಸಿನ ಪ್ರವಾಸ ಅಂದ್ರೆ ಹೀಗೇ. ಊರುಗಳು ತಾವೇ ನಡೆದು ಬಂದು ಮುಖ ತೋರಿಸಿ ಹೋಗ್ತವೆ. ಒಂದು ಊರಿಗೆ ಮೂರು ತಾಸು, ಒಂದು ಚರ್ಚು, ಒಂದು ಅಂಗಡಿ, ಮತ್ತೆ ಊಟಕ್ಕೆ ಹಡಗು. ನಿಕಿತಿನ್‌ನನ್ನ ದಾರಿಯಲ್ಲಿ ದೋಚಿದರು, ನನಗೆ ಸಂಜೆ ಐದಕ್ಕೆ ಬಿಸ್ಕೀಟು ಕೊಡ್ತಿದ್ದರು.

ತ್ವೇರ್‌ನಲ್ಲಿ ನನ್ನನ್ನ ಕರೆದೊಯ್ಯೋಕೆ ಒಬ್ಬ ಹುಡುಗ ಬಂದಿದ್ದ. ಅಲ್ಲಿಯ ಮೆಡಿಕಲ್ ಕಾಲೇಜಿನಲ್ಲಿ ಭಾರತದ ಹುಡುಗರು ತುಂಬ ಇದ್ದಾರೆ. ನನ್ನ ಗೆಳೆಯ ಯಾರ್ಯಾರನ್ನೋ ಹಿಡಿದು ಕೊನೆಗೆ ನಮ್ಮ ಕಡೆಯವನನ್ನೇ ಹುಡುಕಿ ಕೊಟ್ಟಿದ್ದ, ಆಳಂದ ತಾಲ್ಲೂಕಿನವನು. ಕಥೆ ಕಟ್ಟಿದ್ದಾನೆ ಅಂದ್ಕೋಬೇಡಿ, ನಿಕಿತಿನ್ ಬರೆದ ದೊಡ್ಡ ಕುದುರೆ ಸಂತೆಯೂ ಆಳಂದದ್ದೇ ಅಂತ ಹೇಳ್ತಾರೆ, ಇಪ್ಪತ್ತು ಸಾವಿರ ಕುದುರೆ ಬರ್ತಿದ್ದವು ಅಂತ ಬರೆದಿದ್ದಾನೆ. ಹುಡುಗ ಹಡಗಿನ ಮೆಟ್ಟಿಲ ಬುಡದಲ್ಲಿ ನಿಂತು, "ಚಿಟಗುಪ್ಪದ ಅಣ್ಣ ನೀವೇ ಏನ್ರಿ?" ಅಂದಾಗ ಆ ದೇಶದಲ್ಲಿ ಎಂಟು ದಿನದ ಮೇಲೆ ನಮ್ಮ ಮಾತು ಕಿವಿಗೆ ಬಿದ್ದಿತ್ತು.

ತ್ವೇರ್‌ನ ನದಿ ನಿಲ್ದಾಣವೂ 1938ರ ಕಟ್ಟಡ, 2017ರಲ್ಲಿ ಅದರ ಒಂದು ಭಾಗ ಕುಸಿದು ಬಿದ್ದಿತ್ತು. ಅಲ್ಲಿಂದ ನಡೆದರೆ ವೋಲ್ಗಾ ದಂಡೆಯ ರಸ್ತೆಗೆ ನಿಕಿತಿನ್ ಹೆಸರೇ ಇಟ್ಟಿದ್ದಾರೆ. ಮೂರ್ತಿ ನಿಲ್ಲಿಸಿದ್ದು 1955ರಲ್ಲಿ. ದೋಣಿಯ ಮೂತಿಯ ಹಾಗೆ ಪೀಠ, ಮೇಲೆ ಉದ್ದ ಅಂಗಿಯ ಗಡ್ಡದ ಮನುಷ್ಯ. ಊರಿನವರು ಹೇಳೋ ಕಥೆ ಏನಂದ್ರೆ, ನೆಹರೂ ಅವರು ಕ್ರುಶ್ಚೇವ್‌ಗೆ "ನಿಕಿತಿನ್‌ಗೆ ನಿಮ್ಮಲ್ಲಿ ಸ್ಮಾರಕ ಇದೆಯಾ?" ಅಂತ ಕೇಳಿದರಂತೆ, ಅವನು "ಇಲ್ಲದೆ ಏನು!" ಅಂದು ಬಿಟ್ಟು, ಆಮೇಲೆ ಓಡೋಡಿ ಮಾಡಿಸಿದನಂತೆ. ಡೆಡ್‌ಲೈನ್ ಮೊದಲು ಒಪ್ಪಿಕೊಂಡು ಆಮೇಲೆ ಕೆಲಸ ಶುರು ಮಾಡೋದು ನಮ್ಮ ಕಂಪನಿಗಳ ಕಂಡುಹಿಡಿತ ಅಲ್ಲ ಹಾಗಾದ್ರೆ.

ಹುಡುಗ ನನ್ನ ಫೋಟೋ ತೆಗೆದ. ಅಪ್ಪನಿಗೆ ಬೇಕಾದ ಹಾಗೆ, ಕೈ ಕಟ್ಟಿಕೊಂಡು, ನೆಟ್ಟಗೆ. ಆಮೇಲೆ ಪೀಠದ ಕಟ್ಟೆ ಮೇಲೆ ಕೂತು ನನ್ನ ಹಿಂಡಿ ತಿಂದ್ವಿ. ಎರಡು ವರ್ಷದಿಂದ ಊರಿಗೆ ಹೋಗಿಲ್ಲ ಅಂದ. ಟಿಕೆಟ್ಟು ದುಬಾರಿ, ಅಪ್ಪ ಹೊಲ ಅಡವಿಟ್ಟು ಕಳಿಸ್ಯಾರ. ಎಳ್ಳ ಅಮಾವಾಸ್ಯೆಗೆ ಇಲ್ಲಿ ಏನ್ ಮಾಡ್ತೀರಿ ಅಂತ ಸುಮ್ಮನೆ ಕೇಳಿದೆ. ಬೇರೆ ಕಡೆಯವರಿಗೆ ಅದೇನು ದೊಡ್ಡ ಹಬ್ಬ ಅಂತ ಅನ್ನಿಸಬಹುದು, ನಮ್ಮ ಕಡೆ ದೀಪಾವಳಿಗಿಂತ ದೊಡ್ಡದು. ಮನೆಮಂದಿಯೆಲ್ಲ ಬಂಡಿ ಕಟ್ಟಿ ಹೊಲಕ್ಕೆ ಹೋಗಿ, ಭೂಮಿಗೆ ಪೂಜೆ ಮಾಡಿ, ಭಜ್ಜಿ, ಕಡುಬು, ಅಂಬಲಿ ಉಂಡು ಬರೋ ದಿನ. ಅವನು ತಲೆ ತಗ್ಗಿಸಿ ನಕ್ಕ. "ಅವತ್ತ ನಮಗ ಪರೀಕ್ಷಾ ಇತ್ತರಿ ಅಣ್ಣ. ಅಮಾಸಿ ಅಂತ ಗೊತ್ತೇ ಇದ್ದಿಲ್ಲ. ರಾತ್ರಿ ಅವ್ವ ಫೋನ್ ಮಾಡಿ, ಭಜ್ಜಿ ನಿನ್ನ ಪಾಲಿಂದು ಎತ್ತಿಟ್ಟಿವಿ ಅಂದಾಗ ಗೊತ್ತಾಯ್ತು. ಹೊರಗ ಇಷ್ಟೆತ್ತರ ಹಿಮ." ಕೈಯಿಂದ ಮೊಣಕಾಲು ತೋರಿಸಿದ. ನಾನು ಮೇಲೆ ನೋಡಿದೆ. ಈಸ್ಟರ್ ಯಾವತ್ತು ಅಂತ ಗೊತ್ತಿಲ್ಲದೆ ಬೀದರಿನಲ್ಲಿ ಕೂತಿದ್ದವನು ನಮ್ಮ ತಲೆ ಮೇಲೆ ನಿಂತು ನದಿ ಕಡೆ ನೋಡ್ತಿದ್ದ.

ಉಳಿದ ಹಿಂಡಿಯನ್ನ ಡಬ್ಬಿ ಸಮೇತ ಆ ಹುಡುಗನಿಗೇ ಕೊಟ್ಟು ಬಂದೆ. ಅಜ್ಜಿಗೆ ಆ ರಾತ್ರಿ ಬೇಜಾರಾಯ್ತು.

ಮರುದಿನ ಮತ್ತೆ ದುಬ್ನಾ ದಾಟಿ, ಒಂದನೇ ನಂಬರ್ ಲಾಕ್ ಇಳಿದು, ಮಧ್ಯಾಹ್ನದ ಹೊತ್ತಿಗೆ ಕಲ್ಯಾಜಿನ್. ಇದನ್ನ ನೀವು ಫೋಟೋದಲ್ಲಿ ನೋಡಿರ್ತೀರಿ. ನದಿ ಮಧ್ಯೆ ಬಿಳಿ ಗಂಟೆಗೋಪುರ ಒಂದೇ ನಿಂತಿರುತ್ತೆ, ಸುತ್ತ ನೀರು. 1800ರ ಹೊತ್ತಿಗೆ ಕಟ್ಟಿದ್ದು, 74 ಮೀಟರ್‌ಗೂ ಎತ್ತರ. ಉಗ್ಲಿಚ್‌ನಲ್ಲಿ ವೋಲ್ಗಾಕ್ಕೆ ಅಣೆಕಟ್ಟು ಕಟ್ಟಿ 1939-40ರಲ್ಲಿ ನೀರು ನಿಲ್ಲಿಸಿದಾಗ ಹಳೆಯ ಪೇಟೆ ಮುಳುಗಿತು. ಚರ್ಚನ್ನ ಕೆಡವಿದರು, ಗೋಪುರ ಉಳೀತು. ಎದುರು ದಂಡೆಯಲ್ಲಿ ಒಂದು ದೊಡ್ಡ ಮಠ ಇತ್ತು, ಅದನ್ನೂ ಸ್ಫೋಟಿಸಿದರು. ಆ ಮಠಕ್ಕೇ ನಿಕಿತಿನ್ ಊರು ಬಿಟ್ಟ ಮೇಲೆ ಮೊದಲು ಹೋಗಿದ್ದು. ಮಠದ ಹಿರಿಯ ಮಕಾರಿ ಅನ್ನೋರ ಆಶೀರ್ವಾದ ತಗೊಂಡು ಮುಂದೆ ಹೊರಟ. ಅಂದ್ರೆ ಅವನು ನಿಂತ ನೆಲ ಈಗ ನಮ್ಮ ಹಡಗಿನ ಕೆಳಗೋ ಪಕ್ಕದಲ್ಲೋ ಎಲ್ಲೋ ಇದೆ.

ಹಡಗು ನಿಧಾನ ಮಾಡಿದರು. ಎಲ್ಲರೂ ಒಂದೇ ಬದಿಗೆ ಓಡಿ ಬಂದು ಫೋನ್ ಎತ್ತಿದರು, ನಾನೂ ಸೇರಿ. ಒಂದು ಹೆಂಗಸು ಗೋಪುರ ತನ್ನ ಅಂಗೈ ಮೇಲೆ ನಿಂತ ಹಾಗೆ ಫೋಟೋ ತೆಗೆಸಿಕೊಳ್ತಿದ್ದಳು. ನಮ್ಮ ಮೇಜಿನ ಅಜ್ಜಿ ಕಂಬಿ ಹಿಡಿದು ಸುಮ್ಮನೆ ನಿಂತಿದ್ದರು. ಹೆಗಲ ಮೇಲಿನ ಬಟ್ಟೆ ತಲೆಗೆ ಎಳೆದುಕೊಂಡು ಎದೆ ಮೇಲೆ ಶಿಲುಬೆ ಗುರುತು ಮಾಡಿದರು. ಅವರು ನೋಡ್ತಿದ್ದದ್ದು ಗೋಪುರವನ್ನಲ್ಲ, ಅದರ ಎಡಕ್ಕೆ, ಬರೀ ನೀರನ್ನ. ನಾನು ಫೋನ್ ಮುಂದೆ ಹಿಡಿದೆ. ಅವರು ಹೇಳಿದ್ದನ್ನ ಆಪ್ ತುಂಡು ತುಂಡಾಗಿ ತೋರಿಸ್ತು. ತಾಯಿಯ ಊರು. ತಾಯಿ ಆಗ ಸಣ್ಣ ಹುಡುಗಿ. ಮರದ ಮನೆ, ದಿಮ್ಮಿ ದಿಮ್ಮಿ ಬಿಚ್ಚಿ ನಂಬರ್ ಬರೆದು ಎತ್ತರದ ಕಡೆ ಸಾಗಿಸಿ ಮತ್ತೆ ಜೋಡಿಸಿದರು. ಒಲೆ ತರಲಾಗಲಿಲ್ಲ. ಒಲೆ ಇಟ್ಟಿಗೆಯದು. ತಾಯಿ ಕೊನೆತನಕ ಆ ಒಲೆಯ ಮಾತೇ ಆಡ್ತಿದ್ದಳು.

ನನಗೆ ಗಂಟಲು ಕಟ್ಟಿತು. ಯಾಕೆ ಅಂದ್ರೆ ನಮ್ಮವ್ವನ ತವರು ಕಾರಂಜಾ ಡ್ಯಾಮಿನ ನೀರಿನಲ್ಲಿದೆ.

ಬೀದರ ಜಿಲ್ಲೆಯ ಹೊರಗಿನವರಿಗೆ ಕಾರಂಜಾ ಗೊತ್ತಿರೋದು ಕಡಿಮೆ. ಮಾಂಜ್ರಾ ನದಿಗೆ ಸೇರೋ ಚಿಕ್ಕ ಹೊಳೆ, ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಹತ್ತಿರ ಅಣೆಕಟ್ಟು. ಬೀದರ ನಗರ ಕುಡಿಯೋದು ಇದೇ ನೀರು. ಪರಿಹಾರದ ಜಗಳ ಇವತ್ತಿಗೂ ಇದೆ, ಅದನ್ನ ಇಲ್ಲಿ ಬರೆಯೋಕೆ ಹೋಗಲ್ಲ. ಅವ್ವ ಅದರ ಬಗ್ಗೆ ಮಾತಾಡೋದೇ ಇಲ್ಲ. ನಾವು ಚಿಕ್ಕವರಿದ್ದಾಗ ರಜೆಗೆ ಹೋಗ್ತಿದ್ದ ಅಜ್ಜಿ ಮನೆ ಹೊಸ ಊರಿನದು, ಸಾಲುಮನೆ, ನೆಟ್ಟಗಿನ ರಸ್ತೆ. ಹಳೆ ಊರು ಹೇಗಿತ್ತವ್ವ ಅಂದ್ರೆ "ಇತ್ತು" ಅಂತಿದ್ದಳು, ಅಷ್ಟೇ. ನಾನೂ ಮುಂದೆ ಕೇಳಿದವನಲ್ಲ. ನಿಕಿತಿನ್ ಬೀದರಿನಲ್ಲಿ ಏನು ತಿಂದ ಅನ್ನೋದು ನನಗೆ ಗೊತ್ತು, ನಮ್ಮವ್ವ ಹುಟ್ಟಿದ ಮನೆಗೆ ಎಷ್ಟು ಬಾಗಿಲು ಅನ್ನೋದು ಗೊತ್ತಿರಲಿಲ್ಲ.

ಉಗ್ಲಿಚ್‌ನಲ್ಲಿ ನೆಟ್‌ವರ್ಕ್ ಸಿಕ್ಕ ಕೂಡಲೇ ಎರಡು ಫೋಟೋ ಕಳಿಸಿದೆ. ಅಪ್ಪನಿಗೆ ನಿಕಿತಿನ್‌ದು. ಅವ್ವನಿಗೆ ಗೋಪುರದ್ದು, ಊರು ಮುಳುಗಿದ ವಿಷಯ ನಾಲ್ಕು ಸಾಲು ಬರೆದು. ಅಪ್ಪ ಅರ್ಧ ನಿಮಿಷದಲ್ಲಿ ಉತ್ತರ ಬರೆದರು, "ಚೆನ್ನಾಗಿದೆ. ಶರ್ಟ್ ಇಸ್ತ್ರಿ ಇಲ್ಲ." ಅವ್ವ ಬರೆಯಲಿಲ್ಲ, ಒಂದು ತಾಸಿನ ಮೇಲೆ ಫೋನೇ ಮಾಡಿದಳು.

"ಅಲ್ಲಿ ದೇವರಿಗಿ ಏನ್ ಮಾಡಿದ್ರೋ? ಹಂಗೇ ನೀರಾಗ ಬಿಟ್ರೇನು?"

ನನಗೆ ಗೊತ್ತಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅಜ್ಜಿಯನ್ನ ಕೇಳಿದೆ. ಮಠದ ಹಿರಿಯ ಮಕಾರಿಯನ್ನ ಆಮೇಲೆ ಅವರು ಸಂತ ಅಂತ ಪೂಜಿಸಿದರು. ಅವರ ಅಸ್ಥಿ ಮಠದಲ್ಲಿತ್ತು, ಆ ಕಾಲದಲ್ಲಿ ಅದನ್ನ ತ್ವೇರ್‌ಗೆ ಒಯ್ದರು. ಎಷ್ಟೋ ವರ್ಷ ಅಲ್ಲೇ ಇತ್ತು. 2012ರಲ್ಲಿ ಮತ್ತೆ ಕಲ್ಯಾಜಿನ್‌ಗೆ ತಂದು ಈಗಿನ ಊರಿನ ಚರ್ಚಿನಲ್ಲಿ ಇಟ್ಟಿದ್ದಾರೆ. ನಿಕಿತಿನ್ ತಲೆ ಮೇಲೆ ಕೈಯಿಟ್ಟು ಕಳಿಸಿದವರೂ ಊರು ಬಿಟ್ಟು ತ್ವೇರ್‌ಗೆ ಹೋಗಿ ಬಂದ ಹಾಗಾಯ್ತು. ಅಜ್ಜಿ ನನ್ನನ್ನ ತಿರುಗಿ ಕೇಳಿದರು, ನಿಮ್ಮ ತಾಯಿಯ ಊರಿನ ದೇವರು? ಅದೂ ನನಗೆ ಗೊತ್ತಿರಲಿಲ್ಲ. ಆ ಅಜ್ಜಿಯ ಎದುರೇ ಅವ್ವನಿಗೆ ಫೋನ್ ಹಚ್ಚಿದೆ. ನಮ್ಮಲ್ಲಿ ಆಗ ನಡುರಾತ್ರಿ ಆಗ್ತಾ ಬಂದಿತ್ತು, ಆದರೂ ಎತ್ತಿದಳು.

"ಹಣಮಪ್ಪಗ ಬಂಡ್ಯಾಗ ಕೂಡಿಸಿ ತಂದ್ರು. ಡೊಳ್ಳು ಬಾರಿಸ್ಕೋತ ತಂದ್ರು. ಕಟ್ಟಿ ತರಲಕ ಆಗಲಿಲ್ಲ. ಅದು ಕಲ್ಲಿಂದು, ಭಾಳ ದೊಡ್ಡದಿತ್ತು. ನಾವು ಹುಡುಗ್ಯಾರು ಅದರ ಮ್ಯಾಲೇ ಕುಂಟಾಬಿಲ್ಲಿ ಆಡ್ತಿದ್ದೀವಿ."

ಆಪ್‌ಗೆ ಬೀದರ ಕನ್ನಡ ಬರಲ್ಲ. ನಾನು ಇಂಗ್ಲಿಷಿನಲ್ಲಿ ಟೈಪ್ ಮಾಡಿ ರಷ್ಯನ್‌ಗೆ ತಿರುಗಿಸಿ ತೋರಿಸಿದೆ. ಕಟ್ಟೆ ಅನ್ನೋದು ಏನಾಗಿ ಹೋಯ್ತೋ, ಅಜ್ಜಿ ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ತಲೆ ಆಡಿಸಿದರು. ಫೋನಿನ ಹತ್ತಿರ ಬಾಯಿ ತಂದು ರಷ್ಯನ್ನಿನಲ್ಲಿ ಏನೋ ಹೇಳಿದರು, ಆ ಕಡೆಯಿಂದ ಅವ್ವ "ಹೌದ್ರಿ ಹೌದ್ರಿ" ಅಂದಳು. ಇಬ್ಬರಿಗೂ ಏನು ತಿಳೀತೋ ನಾನು ಕೇಳಲಿಲ್ಲ.

ಮಾಸ್ಕೋಗೆ ವಾಪಸ್ ಬಂದಿದ್ದು, ಅಲ್ಲಿ ಸುತ್ತಿದ್ದು, ಮೆಟ್ರೋ ಇದೆಲ್ಲ ಇನ್ನೊಮ್ಮೆ ಬರೀತೀನಿ, ಈಗಾಗಲೇ ಉದ್ದ ಆಯ್ತು. ಅಪ್ಪ ನಿಕಿತಿನ್ ಫೋಟೋ ಪ್ರಿಂಟ್ ಹಾಕಿಸಿ ಹಳೆಯ ಶಾಲೆಗೆ ಒಯ್ದು ತೋರಿಸಿ ಬಂದರು.

2025ರ ಮೇ ತಿಂಗಳಲ್ಲಿ ಊರಿಗೆ ಹೋದಾಗ ನಾನೇ ಕೇಳಿದೆ, ಹೋಗೋಣೇನವ್ವ ಅಂತ. ಬ್ಯಾಡ ಅಂತಾಳೆ ಅಂದ್ಕೊಂಡಿದ್ದೆ. ಸೀರೆ ಬದಲಿಸಿ ಬಂದು ಗಾಡಿ ಹಿಂದೆ ಕೂತಳು. ಬಿಸಿಲು ಸುಡ್ತಿತ್ತು. ನೀರು ಕೆಳಗಿಳಿದು ದಂಡೆಯ ಕರಿ ಮಣ್ಣು ಬಿರುಕು ಬಿಟ್ಟಿತ್ತು. ಅವ್ವ ಚಪ್ಪಲಿ ಕೈಲಿ ಹಿಡಿದು ಆ ಮಣ್ಣಿನ ಮೇಲೆ ನಡೆದು ನೀರಿನ ಅಂಚಿಗೆ ಹೋಗಿ ನಿಂತಳು. ಅಲ್ಲಿ ಗೋಪುರ ಇರಲಿಲ್ಲ, ಗುರುತು ಏನೂ ಇರಲಿಲ್ಲ, ಎರಡು ಬೆಳ್ಳಕ್ಕಿ ಬಿಟ್ಟರೆ. ಆದರೆ ಅವ್ವ ಕೈ ಮಾಡಿ ತೋರಿಸ್ತಾ ಹೋದಳು. ಅದು ಹುಣಸಿಗಿಡ ಇದ್ದಲ್ಲಿ, ಅಲ್ಲಿಂದ ಈ ಕಡಿ ನಾಕು ಮನಿ, ಐದನೇದು ನಮ್ದು. ಎರಡು ಬಾಗಲಾ, ಮುಂದೊಂದು, ಹಿತ್ತಲಕಡಿ ಒಂದು. ಆ ಕಡಿ ಹಣಮಪ್ಪನ ಕಟ್ಟಿ. ನಾನು ಎಷ್ಟು ಕಣ್ಣು ಕಿರಿದು ಮಾಡಿದರೂ ಕಂಡದ್ದು ನೀರು, ನೀರಿನ ಮೇಲೆ ಬಿಸಿಲು. ಸುಮ್ಮನೆ ಇರಲಾರದೆ ಜೇಬಿನಿಂದ ಫೋನ್ ತೆಗೆದೆ.

ಅವ್ವ ತಿರುಗಿ ನೋಡಿ ನಕ್ಕಳು. "ಏನ್ ಫೋಟೋ ಹೊಡಿತಿಯೋ ಹುಚ್ಚಾ. ಬರೇ ನೀರೇ ಅದಲ್ಲ."